ಗಂಧದ ಸೋಪಿನ ದವಡೆಹಲ್ಲು

ನಾವು ನೆಲೆಸಿದ್ದ ಚಳಿದೇಶದ ಉತ್ತರಕ್ಕಿರುವ ಉಮೆಯೊ ಎಂಬ ಊರಿನಲ್ಲಿ ದಂತವೈದ್ಯಕೀಯ ಓದುತ್ತಿದ್ದ ಮೊದಲ ವರ್ಷ ನಾನು ಫೇಲಾದದ್ದು ಒಂದೇ ಒಂದು ಹಲ್ಲಿನಲ್ಲಿ. ಸೂಕ್ಷ್ಮದರ್ಶಕದ ಕೆಳಗೆ ಒಸಡಿನದೋ ನಾಲಿಗೆಯದೋ ಚೂರನ್ನಿಟ್ಟರೆ, ಗುಲಾಬಿ ಬಣ್ಣದ್ದು ಏನು, ನೇರಳೆ ಬಣ್ಣದ್ದು ಏನು ಎಂದು ಪಟಪಟನೆ ಹೇಳಿಬಿಡುತ್ತಿದ್ದೆ. ಅಲ್ಲಿ ಕಣ್ಣಿಗಷ್ಟೇ ಕೆಲಸ. ಆದರೆ ಮೇಣದ ತುಂಡಿನಲ್ಲಿ ಮೇಲಿನ ಎಡ ದವಡೆಹಲ್ಲು ಕೆತ್ತಿ ಎಂದಾಗ ನಾನು ಕೆತ್ತಿಟ್ಟದ್ದನ್ನು ನಮ್ಮ ಮೇಡಂ ತಿರುಗಿಸಿ ತಿರುಗಿಸಿ ನೋಡಿದರು. ತುಂಬಾ ಚೆಂದ ಇದೆ, ಆದರೆ ಇಂಥ ಹಲ್ಲು ಯಾರ ಬಾಯಲ್ಲೂ ಇರುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಈಸ್ಟರ್ ರಜೆ ಮುಗಿದೊಡನೆ ಮರುಪರೀಕ್ಷೆ. ಅದೂ ಹೋದರೆ ಜೊತೆಯವರೆಲ್ಲ ಮುಂದಕ್ಕೆ, ನಾನು ಒಂದು ವರ್ಷ ಹಿಂದಕ್ಕೆ.

ತಪ್ಪು ನನ್ನದಲ್ಲ, ರಂಗೋಲಿಯದು. ಚಿಕ್ಕಂದಿನಿಂದ ಅಮ್ಮ ನನ್ನ ಕೈಗೆ ಕಲಿಸಿದ್ದು ಒಂದೇ: ಈ ಕಡೆ ಎಷ್ಟೋ ಆ ಕಡೆಯೂ ಅಷ್ಟೇ. ಮೇಲಿನ ದವಡೆಹಲ್ಲಿಗೆ ಆ ಶಿಸ್ತಿಲ್ಲ. ಅದರ ನಾಲ್ಕು ಉಬ್ಬುಗಳಲ್ಲಿ ಅಂಗುಳಿನ ಕಡೆಯ ಮುಂದಿನದು ಯಜಮಾನನ ಹಾಗೆ ದೊಡ್ಡದು, ಅದರ ಹಿಂದಿನದು ಬಲವಂತಕ್ಕೆ ಬಂದು ಕೂತ ನೆಂಟನ ಹಾಗೆ ಸಣ್ಣದು. ನನ್ನ ಕೈ ನಾಲ್ಕನ್ನೂ ಸಮ ಮಾಡಿ ಹೂವಿನ ಎಸಳಿನಂತೆ ಜೋಡಿಸಿಬಿಡುತ್ತಿತ್ತು.

ರಜೆಗೆ ದಕ್ಷಿಣದ ಸೋಡರ್‌ಟೆಲ್ಯೆ ಊರಿನ ನಮ್ಮ ಮನೆಗೆ ಬಂದೆ. ತಂದಿದ್ದ ಮೇಣ ಬೇಗ ಮುಗಿಯಿತು. ಅಮ್ಮ ಬೆಂಗಳೂರಿನಿಂದ ತಂದು ರೇಷ್ಮೆ ಸೀರೆಗಳ ನಡುವೆ ಬಚ್ಚಿಟ್ಟಿದ್ದ ಗಂಧದ ಸೋಪುಗಳ ಮೇಲೆ ಕಣ್ಣು ಬಿತ್ತು.

“ಕೆತ್ಕೋ. ಆದ್ರೆ ಬಿಸಾಕೋ ಹಾಗಿಲ್ಲ. ನಿಮ್ಮಪ್ಪ ಸ್ನಾನಕ್ಕೆ ಇಟ್ಕೋತಾರೆ,” ಎಂದಳು ಅಮ್ಮ.

ಅಪ್ಪ ಲಾರಿ ಕಾರ್ಖಾನೆಯ ಇಂಜಿನಿಯರ್. ಅಳತೆ ತಪ್ಪಿದ ಯಾವುದನ್ನೂ ಸುಮ್ಮನೆ ಬಿಡುವವರಲ್ಲ. ಉಬ್ಬುಗಳ ಲೆಕ್ಕ ಕೇಳಿ ತಿಳಿದುಕೊಂಡರು. ಮರುದಿನ ಬೆಳಿಗ್ಗೆ, ತಲೆಗೆ ಶಾಂಪೂ ಹಾಕಿ ಕಣ್ಣು ಮುಚ್ಚಿಕೊಂಡೇ ಸೋಪಿನ ಹಲ್ಲನ್ನು ತಡವಿ, ಬಚ್ಚಲಿನಿಂದ ವರದಿ ಕೊಟ್ಟರು.

“ಬೇರು ಮೂರಿದೆ, ಮೇಲಿನ ದವಡೆದು. ಆದ್ರೆ ಲೆಫ್ಟಾ ರೈಟಾ ಗೊತ್ತಾಗ್ತಿಲ್ಲಮ್ಮ.”

ಮರುದಿನ ಬೇರೆ ಹಲ್ಲು, ಅದೇ ವರದಿ. “ಎರಡು ಕಡೆಗೂ ಫಿಟ್ ಆಗತ್ತೆ. ಇದು ಹಲ್ಲಲ್ಲ, ಸ್ಪೇರ್ ಪಾರ್ಟು.”

ಊಟಕ್ಕೆ ಬಂದಿದ್ದ ಕನ್ನಡದ ಆಂಟಿಯೊಬ್ಬರು ಕೈತೊಳೆಯಲು ಸೋಪಿನ ಹಲ್ಲುಗಳಿದ್ದ ಬಚ್ಚಲಿಗೆ ಹೋದವರು ಬಹಳ ಹೊತ್ತು ಬರಲೇ ಇಲ್ಲ. ಬಂದಮೇಲೆ ಕೈ ಒರೆಸಿಕೊಳ್ಳುತ್ತ, ಮನೆಯಲ್ಲಿ ಎಲ್ಲರೂ ಆರಾಮಾಗಿದೀರಾ ಎಂದು ಅಮ್ಮನನ್ನು ವಿಚಾರಿಸಿದರು.

ನನಗೆ ಮಾತ್ರ ಹೆದರಿಕೆ ಏರುತ್ತಿತ್ತು. ಕಷ್ಟಪಟ್ಟು ಒಂದು ಉಬ್ಬನ್ನು ಚಿಕ್ಕದು ಮಾಡಿದರೆ ಅಮ್ಮ ಬೆನ್ನ ಹಿಂದೆ ನಿಂತು, “ಈ ಮೂಲೆ ಸೊಟ್ಟ ಆಯ್ತಲ್ಲೇ, ಸಮ ಮಾಡು,” ಎನ್ನುವಳು. ಕೈ ತಾನಾಗಿಯೇ ಸಮ ಮಾಡಿಬಿಡುವುದು.

ಹೊರಡುವ ಹಿಂದಿನ ದಿನ ಉಳಿದಿದ್ದ ಕೊನೆಯ ಸೋಪು ಹಿಡಿದು ರೂಮಿನ ಬಾಗಿಲು ಹಾಕಿಕೊಂಡೆ. ನನ್ನ ಕಣ್ಣನ್ನೂ ಕೈಯನ್ನೂ ನಂಬುವ ಹಾಗಿರಲಿಲ್ಲ. ಬಾಯಲ್ಲಿ ನಾಲಿಗೆ ಇತ್ತಲ್ಲ, ಅದರಿಂದ ನನ್ನದೇ ಎಡ ದವಡೆಹಲ್ಲನ್ನು ತಡವಿದೆ. ನಾಲಿಗೆ ಹೇಳಿದಷ್ಟು ಕೆತ್ತಿದೆ. ಮತ್ತೆ ತಡವಿದೆ. ಬಟ್ಟೆ ಇಡಲು ಬಂದ ಅಮ್ಮ, “ಮುಖ ಯಾಕೆ ಹಂಗ್ ಮಾಡ್ತಿದೀಯ?” ಎಂದು ಕೇಳಿದಾಗ ಉತ್ತರ ಕೊಡಲು ನಾಲಿಗೆಗೆ ಬಿಡುವಿರಲಿಲ್ಲ.

ಬೆಳಿಗ್ಗೆ ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ನಾನು ಬಾಗಿಲ ಹೊರಗೆ ನಿಂತಿದ್ದೆ.

“ಲೆಫ್ಟು,” ಎಂದರು ಅಪ್ಪ.

ಮರುಪರೀಕ್ಷೆಯಲ್ಲಿಯೂ ಹಾಗೇ ಕೆತ್ತಿದೆ. ಹಲ್ಲು ನೋಯುತ್ತಿದೆಯಾ ಎಂದು ಮೇಡಂ ಬಂದು ಕೇಳಿದರು. ಕೊನೆಗೆ ನಾನು ಕೆತ್ತಿದ ಹಲ್ಲನ್ನೆತ್ತಿ ನೋಡಿ, ಮೂಸಿಯೂ ನೋಡಿದರು. ಚಾಕುವಿಗೆ ಇನ್ನೂ ಗಂಧದ ವಾಸನೆಯಿತ್ತು. ವಾಸನೆಗೆ ಅಂಕ ಇಲ್ಲ, ಹಲ್ಲಿಗೆ ಇದೆ ಎಂದು ನಕ್ಕರು.

ಪಾಸು ಎಂದು ಮನೆಗೆ ಫೋನ್ ಮಾಡಿದೆ. ಅಪ್ಪ “ಹೂಂ” ಎಂದಷ್ಟೇ ಹೇಳಿ ಫೋನನ್ನು ಅಮ್ಮನಿಗೆ ಕೊಟ್ಟರು.

“ಆ ಕೊನೇ ಹಲ್ಲನ್ನ ಒರೆಸಿ ಟಿವಿ ಪಕ್ಕ ಇಟ್ಕೊಂಡಿದಾರೆ ಕಣೆ,” ಎಂದಳು ಅಮ್ಮ. “ಸೊಟ್ಟಗಿದೆ, ಸ್ವಲ್ಪ ಸಮ ಮಾಡ್ತೀನಿ ಅಂದ್ರೆ ಮುಟ್ಟೋಕೂ ಬಿಡ್ತಿಲ್ಲ.”