ಲಲಿತಾ ಮಿಸ್ ಮಲಗಿಸುತ್ತಿದ್ದ ಮಕ್ಕಳು

ಮೊದಲ ಸಲ ನೋಡಿದಾಗ ನನ್ನ ಎದೆ ಧಸಕ್ಕೆಂದಿತು. ಶ್ರೀಗಂಧದ ಕಾವಲಿನ ಆ ಶಿಶುವಿಹಾರದ ಅಂಗಳದಲ್ಲಿ, ಡಿಸೆಂಬರಿನ ಮಂಕು ಮಧ್ಯಾಹ್ನ, ಹನ್ನೆರಡು ಮಕ್ಕಳು ಮೂಗಿನವರೆಗೆ ಕಂಬಳಿ ಹೊದ್ದು ಸಾಲಾಗಿ ಮಲಗಿದ್ದವು. ಒಂದೂ ಮಿಸುಕುತ್ತಿರಲಿಲ್ಲ. ತಲೆಯ ಹತ್ತಿರ ಮಣೆ ಹಾಕಿಕೊಂಡು ಕೂತಿದ್ದ ಲಲಿತಾ ಮಿಸ್ ಒಬ್ಬೊಬ್ಬರ ಕಿವಿಯಲ್ಲೂ ಏನೋ ಪಿಸುಗುಟ್ಟುತ್ತಿದ್ದರು.

"ಹೊರಗೆ ಮಲಗಿಸಿದೀರಲ್ಲ ಮಿಸ್, ಶೀತ ಆಗಲ್ವಾ?" ಎಂದೆ.

"ಹಿಮ ಬೀಳೋ ದೇಶದಲ್ಲೇ ಕೂಸುಗಳನ್ನ ಹೊರಗೆ ಮಲಗಿಸ್ತಾರೆ ಕಣಮ್ಮ. ನಮ್ಮ ಚಳಿ ಯಾವ ಮೂಲೆಗೆ?"

ಅವರೇನು ದೇಶ ಸುತ್ತಿದವರಲ್ಲ, ರಾಜಾಜಿನಗರ ದಾಟಿದ್ದೇ ಕಮ್ಮಿ. ಯಾವುದೋ ತರಬೇತಿಯಲ್ಲಿ ಬೇರೆ ಬೇರೆ ದೇಶದ ಶಿಶುವಿಹಾರಗಳ ವಿಡಿಯೋ ತೋರಿಸಿದ್ದರಂತೆ. ಒಂದನ್ನು ನೋಡಿ ಬಂದು ಏಳು ವರ್ಷದವರೆಗೆ ಅಕ್ಷರವೇ ಬೇಡ ಎಂದರು. ಇನ್ನೊಂದನ್ನು ನೋಡಿ ಮಕ್ಕಳ ಕೈಯಿಂದಲೇ ಉಪ್ಪಿಟ್ಟು ಬಡಿಸಿದರು. ಅರ್ಧ ಇರುವೆಗಳ ಪಾಲಾಯಿತು. ಅಜ್ಜಿಯರು ಜಗಳಕ್ಕೆ ಬಂದರೆ, "ಬೈರಿ, ಬೇಡ ಅನ್ನಲ್ಲ. ಮಕ್ಕಳಿಗೆ ಕೇಳಿಸದ ಹಾಗೆ ಬೈರಿ" ಎನ್ನುತ್ತಿದ್ದರು.

ಆ ಪಿಸುಮಾತು ಮಾತ್ರ ಯಾವ ದೇಶದ್ದೋ ಕಾಣೆ. ಸುಂಕದಕಟ್ಟೆಯಿಂದ ಬರುತ್ತಿದ್ದ ಕಲಬುರಗಿಯವರ ಹುಡುಗಿಗೆ ಅವರ ಕಡೆಯ ಮಾತಲ್ಲೇ "ಮಕ್ಕೋ ನನ್ನವ್ವಾ", ಮಲಗು ತಾಯಿ, ಎಂದರೆ, ಪಕ್ಕದವನಿಗೆ ತಮಿಳು. ಮಕ್ಕಳು ನಿದ್ದೆಯಲ್ಲೇ ಉತ್ತರ ಕೊಡುತ್ತವೆ ಎಂದು ಆಯಾ ಹೇಳಿದಾಗ ನಾನು ನಕ್ಕಿದ್ದೆ.

ಅಲ್ಲಿಗೇ ಹೋಗುತ್ತಿದ್ದ ನನ್ನ ಮಗಳಿಗೆ ಮೂರೂವರೆ ತುಂಬಿದರೂ ಮಾತು ಬಂದಿರಲಿಲ್ಲ. ಕಿವಿ, ನಾಲಿಗೆ ಎಲ್ಲ ಸರಿಯಿದೆ, ಕಾಯಿರಿ ಎಂದರು ಡಾಕ್ಟರು. ಕಾಯುವುದು ನನ್ನ ಜಾತಕದಲ್ಲೇ ಇಲ್ಲ. ದಿನಾ ಸಂಜೆ ಎದುರಿಗೆ ಕೂರಿಸಿಕೊಂಡು "ಅಮ್ಮ ಅನ್ನು" ಎನ್ನುತ್ತಿದ್ದೆ. ಅನ್ನದಿದ್ದರೆ ಒಂದು ಏಟು. ಮನೆಯವರಿಗೂ ಇದು ಗೊತ್ತಿರಲಿಲ್ಲ. ಬರೆಯಲು ಈಗಲೂ ನಾಚಿಕೆಯಾಗುತ್ತದೆ.

"ಇವಳಿಗೆ ಮಾತು ಯಾವಾಗ ಬರುತ್ತೆ ಮಿಸ್?" ಎಂದು ಒಮ್ಮೆ ಅತ್ತುಬಿಟ್ಟೆ.

"ಬಂದಿದೆಯಲ್ಲ. ಮಲಗಿದಾಗ ಆಡ್ತಾಳೆ. ಆ ಹೊತ್ತಲ್ಲಿ ನೀವು ಮಾತ್ರ ಹತ್ರ ಬರಬೇಡಿ."

ಹೆತ್ತವಳಿಗೇ ಬರಬೇಡಿ ಎಂದರೆ ಯಾರು ತಾನೇ ಸುಮ್ಮನಿರುತ್ತಾರೆ? ಮರುದಿನ ಮಧ್ಯಾಹ್ನ ಕಾಂಪೌಂಡ್ ಗೋಡೆಯ ಆಚೆ ಉಸಿರು ಬಿಗಿಹಿಡಿದು ನಿಂತೆ.

"ಪುಟ್ಟಿ, ಅಮ್ಮಂಗೆ ಏನಾದ್ರೂ ಹೇಳ್ಬೇಕಾ?" ಮಿಸ್ ಕೇಳಿದರು.

ಆಮೇಲೆ ಸಣ್ಣದೊಂದು ಧ್ವನಿ, ಬಹಳ ತೆಳುವಾದದ್ದು: "ಹೊಡೀಬೇಡ ಅಂತ ಹೇಳಿ. ನಾನೇ ಮಾತಾಡ್ತೀನಿ."

ಹೇಗೆ ಮನೆಗೆ ಬಂದೆನೋ ನೆನಪಿಲ್ಲ.

ಆ ಸಂಜೆಯಿಂದ ನಾನು ಕೈ ಎತ್ತಲಿಲ್ಲ. ಎರಡು ತಿಂಗಳ ನಂತರ, ನಾನು ಪಾತ್ರೆ ತೊಳೆಯುತ್ತಿದ್ದಾಗ, ಮಗಳು ಹಿಂದೆ ನಿಂತು "ಅಮ್ಮ, ನೀರು" ಎಂದಳು. ಸಿಂಕಿನ ಮುಂದೆಯೇ ಕುಸಿದು ಕೂತು ಅತ್ತೆ.

ಶಿಶುವಿಹಾರವನ್ನೇ ಪೂರ್ತಿ ಮುಚ್ಚುವ ದಿನ ಮಿಸ್ ಒಬ್ಬರೇ ಕಂಬಳಿ ಮಡಚುತ್ತಿದ್ದರು. ತಡೆಯಲಾರದೆ ಕೇಳಿದೆ: "ಅವತ್ತು ಮಾತಾಡಿದ್ದು ಅವಳಾ, ನೀವಾ?"

"ಗೋಡೆ ಆಚೆ ನೀವು ನಿಂತಿದ್ದು ಗೊತ್ತಿತ್ತು," ಎಂದರು. "ಯಾರು ಹೇಳಿದ್ರೆ ನಿಮ್ಮ ಕೈ ನಿಲ್ತಿತ್ತು? ಅವರೇ ಅನ್ಕೊಳ್ಳಿ."

ಅದೇ ಕೊನೆಯ ಭೇಟಿ. ಹೋದ ವರ್ಷ ಮಿಸ್ ತೀರಿಕೊಂಡರು. ಮಗಳೀಗ ಒಂದನೇ ಕ್ಲಾಸು, ಬಾಯಿ ಮುಚ್ಚುವುದೇ ಇಲ್ಲ. ಅವಳದು ಥೇಟ್ ಅವಳಪ್ಪನ ದಪ್ಪ ಧ್ವನಿ. ಮಿಸ್ ಅವರದೋ ಒಡಕು ಗಂಟಲು. ಗೋಡೆಯಾಚೆ ನಾನು ಕೇಳಿದ ಆ ತೆಳು ಧ್ವನಿ ಎರಡೂ ಅಲ್ಲ.