ಸಂತೆ ಆಟದಲ್ಲಿ ಓಡದ ಐದನೇ ರೀಲು

ಒಮ್ಮೆ ನಾನು ಅಚ್ಚಿನಲ್ಲಿ ಒಂದು ಸುಳ್ಳು ಬರೆದೆ. ಬರೆಯುವಾಗ ಅದು ಸುಳ್ಳೆಂದು ನನಗೆ ಗೊತ್ತಿರಲಿಲ್ಲ. ಅದರಿಂದಾಗಿ ಒಬ್ಬ ಹಿರಿಯ ಹೆಂಗಸು ತುಂಬಿದ ಸಭೆಯಲ್ಲಿ ಸುಳ್ಳುಗಾತಿ ಅನ್ನಿಸಿಕೊಳ್ಳುವ ಹಂತಕ್ಕೆ ಬಂದಿದ್ದಳು. ಹಾಗಾಗಲಿಲ್ಲ. ಆಗಲಿಲ್ಲವಲ್ಲ ಎಂಬ ಸಮಾಧಾನದಲ್ಲೇ ಇದನ್ನು ಬರೆಯುತ್ತಿದ್ದೇನೆ. ನನ್ನ ನೆನಪನ್ನು ಎಷ್ಟು ನಂಬಬೇಕು ಎಂಬುದು ಓದುತ್ತಾ ನಿಮಗೇ ಗೊತ್ತಾಗುತ್ತದೆ.

ಕೊಟ್ಟೂರಿನ ತಗಡಿನ ಟಾಕೀಸಿನಲ್ಲಿ ಹೆಂಗಸರಿಗೆ ಬೇರೆ ಗೇಟು, ಒಳಗೆ ಕೂರಲೂ ಬೇರೆ ಪಾಲು. ಆ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದ ಹೆಂಗಸನ್ನು ಊರೆಲ್ಲ ಗೇಟಿನವ್ವ ಎಂದೇ ಕರೆಯುತ್ತಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಧಾರವಾಡದಲ್ಲಿ ಇತಿಹಾಸದ ಎಂ.ಎ. ಮುಗಿಸಿ ಕೊಟ್ಟೂರಿನ ಕಾಲೇಜಿಗೆ ತಾತ್ಕಾಲಿಕ ಉಪನ್ಯಾಸಕನಾಗಿ ಬಂದಾಗ ಆಕೆಗೆ ಅರವತ್ತರ ಆಸುಪಾಸು. ದಪ್ಪ ದನಿ. ‘ಸಾಲು ಹಿಡೀರಬೇ, ದನ ನುಗ್ಗಿದಂಗ ನುಗ್ಗಬ್ಯಾಡ್ರಿ’ ಎಂದು ಆಕೆ ಕೂಗಿದರೆ ರಸ್ತೆಯಾಚೆಯ ಹೋಟೆಲಿನಲ್ಲಿ ಚಹಾ ಕುಡಿಯುವವರೂ ಒಂದು ಕ್ಷಣ ನೆಟ್ಟಗೆ ಕೂರುತ್ತಿದ್ದರು.

ಆಕೆ ಹರೆಯದಲ್ಲಿ ಒಂದು ನಾಟಕ ಕಂಪನಿಯಲ್ಲಿದ್ದವಳು. ಕಂಪನಿಯ ಒಡತಿಯೂ ಹೆಂಗಸೇ. ಸ್ವಾತಂತ್ರ್ಯ ಬರುವುದಕ್ಕೆ ಮುಂಚೆ ಆ ಒಡತಿ ತನ್ನ ಇಡೀ ಕಂಪನಿಯನ್ನು ರೈಲಿನಲ್ಲಿ ಮದರಾಸಿಗೆ ಕರೆದುಕೊಂಡು ಹೋಗಿ ಒಂದು ಪೌರಾಣಿಕ ಚಿತ್ರ ಮಾಡಿಸಿದಳು. ಸ್ಟುಡಿಯೋದ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗೀಟು ಹಾಕಿ, ಯಾರು ಎಲ್ಲಿ ನಿಲ್ಲಬೇಕು, ಯಾರು ಯಾವಾಗ ತಿರುಗಬೇಕು ಎಂದು ಹೇಳಿದವಳು ಅವಳೇ. ಪರದೆಯ ಮೇಲೆ ನಿರ್ದೇಶಕ ಎಂದು ಬಂದದ್ದು ಮಾತ್ರ ಬಂಡವಾಳ ಹಾಕಿದ ಸೇಠರ ಹೆಸರು. ಇದನ್ನೆಲ್ಲ ಗೇಟಿನವ್ವ ಆಟ ಶುರುವಾದ ಮೇಲೆ ಗೇಟಿನ ಕಲ್ಲಿನ ಮೇಲೆ ಕೂತು ನನಗೆ ಹೇಳುತ್ತಿದ್ದಳು. ಮೊದಮೊದಲ ಸಿನಿಮಾಗಳ ಹೆಂಗಸರ ಬಗ್ಗೆ ನಾನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹುಡುಕಿದ್ದೆ. ಸಿಕ್ಕಿದ್ದೆಲ್ಲ ಅಡಿಟಿಪ್ಪಣಿಗಳು. ಇಲ್ಲಿ ಒಬ್ಬಳು ಜೀವಂತ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

ಹೀಗಾಗಿ ಒಂದು ವಾರಪತ್ರಿಕೆಗೆ ಆಕೆಯ ಬಗ್ಗೆ ಲೇಖನ ಬರೆದೆ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ‘ರಾಣಿಯ ಹಿಂದೆ ಚಾಮರ ಬೀಸುವ ಸಖಿಯ ಪಾತ್ರದಲ್ಲಿ ಈಕೆಯನ್ನು ನಾನು ಕಣ್ಣಾರೆ ನೋಡಿದ್ದೇನೆ.’ ನೋಡಿದ್ದೆ ಕೂಡ. ಎಪ್ಪತ್ತರ ದಶಕದ ನಡುವಿನಲ್ಲಿ, ಪಿ.ಯು.ಸಿ. ಓದುವಾಗ, ಇದೇ ಟಾಕೀಸಿನಲ್ಲಿ. ಮೂಗಿನ ನತ್ತು, ತುಸು ಬಾಗಿದ ಕತ್ತು, ಚಾಮರದ ಬಿಳಿ ಕೂದಲು, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು.

ಲೇಖನ ಓದಿದ ಹರಪನಹಳ್ಳಿಯ ಮಹಿಳಾ ಸಮಾಜದವರು ಆಕೆಗೆ ಸನ್ಮಾನ ಮಾಡುತ್ತೇವೆಂದು ಪತ್ರ ಬರೆದರು. ಆಕೆಯ ಮನೆಯಲ್ಲಿ ಕಂಪನಿಯ ಮಾತೆತ್ತಿದರೆ ಸೊಸೆ ಮುಖ ತಿರುವುತ್ತಿದ್ದಳಂತೆ. ಪತ್ರ ಬಂದ ಮೇಲೆ ಅದೇ ಸೊಸೆ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದಳು.

ವಾರದೊಳಗೆ ಇನ್ನೊಂದು ಕಾರ್ಡು ಬಂತು, ಅದೂ ಹರಪನಹಳ್ಳಿಯಿಂದಲೇ. ಬರೆದವರು ಆ ಕಂಪನಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದ ಮಾಸ್ತರು. ಚಾಮರ ಹಿಡಿದ ಸಖಿ ತಮ್ಮ ನಾದಿನಿ, ಆಕೆ ತೀರಿಕೊಂಡು ಬಹಳ ವರ್ಷವಾಯಿತು, ಸಖಿಯರ ಹಾಡಿಗೆ ತಾವೇ ಪೇಟಿ ಹಿಡಿದಿದ್ದು, ನೀವು ಹೇಳುವ ಹೆಂಗಸು ಆ ಸಖಿಯರಲ್ಲಿ ಇರಲೇ ಇಲ್ಲ ಎಂದು ಬರೆದಿದ್ದರು. ಕೊನೆಗೆ, ‘ಸತ್ತವಳ ಪಾತ್ರವನ್ನು ಬದುಕಿರುವವಳಿಗೆ ಕೊಟ್ಟು ಸನ್ಮಾನ ಮಾಡಿದರೆ ನಾನು ಸಭೆಯಲ್ಲಿ ಎದ್ದು ನಿಂತು ಹೇಳುವವನೇ.’

ಕಾರ್ಡು ಹಿಡಿದು ಪ್ರೊಜೆಕ್ಟರ್ ಕೋಣೆಗೆ ಹೋದೆ. ಟಾಕೀಸಿನ ಆಪರೇಟರ್ ಬನಿಯನ್ನಿನಲ್ಲಿ ಕೂತು ಕತ್ತರಿಸಿದ ಫಿಲ್ಮಿಗೆ ಅಂಟು ಹಚ್ಚುತ್ತಿದ್ದ.

‘ಆ ಪಿಚ್ಚರಾ? ಅದರಾಗ ಐದನೇ ರೀಲಿನ್ಯಾಗ ಬರ್ತೀನಿ ಅಂತಾಳ ಗೇಟಿನವ್ವ. ನೀವು ಯಾವತ್ತು ನೋಡಿದ್ರಿ?’

‘ಸಂತಿ ದಿನ.’

‘ಹಂಗಾರ ನೀವು ನೋಡೇ ಇಲ್ಲ, ಬಿಡ್ರಿ.’

ಅವನು ವಿವರಿಸಿದ. ಸಂತೆಯ ದಿನ ಮಧ್ಯಾಹ್ನದ ಆಟ ಉಜ್ಜಿನಿ ಬಸ್ಸು ಹೊರಡುವುದರೊಳಗೆ ಮುಗಿಯಬೇಕು. ಇಲ್ಲದಿದ್ದರೆ ಹಳ್ಳಿಯ ಹೆಂಗಸರು ಚೀಲ ಎತ್ತಿಕೊಂಡು ಅರ್ಧಕ್ಕೇ ಎದ್ದು ಹೋಗುತ್ತಾರೆ, ಮುಂದಿನ ಸಂತೆಗೆ ಟಾಕೀಸಿನ ಕಡೆ ತಲೆ ಹಾಕುವುದಿಲ್ಲ. ಅದಕ್ಕೇ ಪ್ರತಿ ಚಿತ್ರದಲ್ಲೂ ಒಂದು ರೀಲು ಬಿಡುವುದು ಅವನ ಪದ್ಧತಿ. ಹಾಡಿಲ್ಲದ, ಹೊಡೆದಾಟವಿಲ್ಲದ, ಅಳು ಇಲ್ಲದ ರೀಲು ಯಾವುದೋ ಅದು.

‘ಆ ಪಿಚ್ಚರ್‌ನಾಗ ಐದನೇದು. ಬರೇ ದರ್ಬಾರು, ಬರೇ ಮಾತು. ನಾನು ಬಿಟ್ಟಿದ್ದು ಇವತ್ತಿನ ತನಕ ಒಬ್ರೂ ಕೇಳಿಲ್ಲ.’

ನನ್ನೂರು ಉಜ್ಜಿನಿಯ ಹತ್ತಿರ. ಓದುವ ದಿನಗಳಲ್ಲಿ ನಾನು ಸಿನಿಮಾ ನೋಡಿದ್ದೆಲ್ಲ ಸಂತೆಯ ದಿನ, ಮನೆಗೆ ಹೋದದ್ದೆಲ್ಲ ಅದೇ ಬಸ್ಸಿನಲ್ಲಿ. ಬೇರೆ ದಿನ ಒಮ್ಮೆಯಾದರೂ ನೋಡಿರಬಹುದೇ ಎಂದು ತಲೆ ಕೆದಕಿದೆ, ಒಂದು ದಿನವೂ ಸಿಗಲಿಲ್ಲ. ಹಾಗಾದರೆ ಆ ಕತ್ತು, ಆ ನತ್ತು ಯಾರವು? ಸಾಕ್ಷ್ಯವಿಲ್ಲದೆ ಏನನ್ನೂ ನಂಬಬೇಡಿ ಎಂದು ದಿನಾ ಬೆಳಿಗ್ಗೆ ಹುಡುಗರಿಗೆ ಹೇಳುತ್ತಿದ್ದವನು ನಾನು. ಆಕೆ ಹೇಳಿದ್ದನ್ನು ಕೇಳಿ, ನೋಡಿದ ಯಾವಳೋ ಸಖಿಗೆ ಆಕೆಯ ಮುಖ ಅಂಟಿಸಿಕೊಂಡು, ಕಣ್ಣಾರೆ ಎಂದು ಬರೆದುಬಿಟ್ಟಿದ್ದೆ. ಅದಕ್ಕಿಂತ ಹೆದರಿಕೆಯ ಯೋಚನೆ ಇನ್ನೊಂದಿತ್ತು: ಆಕೆಯೂ ನನ್ನ ಹಾಗೆಯೇ ಮಾಡಿಕೊಂಡಿದ್ದರೆ?

ಗೇಟಿಗೆ ಹೋಗಿ ಕೇಳಿದೆ. ‘ಅವ್ವಾ, ಆ ಪಿಚ್ಚರ್‌ನಾಗ ನೀವು ಇರೋದು ಖರೇ ಹೌದಲ್ರಿ?’

ಆಕೆ ಟಿಕೆಟ್ ಹರಿಯುವುದನ್ನು ನಿಲ್ಲಿಸಲಿಲ್ಲ. ‘ಯಾಕ? ಯಾರೇನಂದ್ರು?’

ಕಾರ್ಡು ಓದಿದೆ.

‘ಪೇಟಿ ಮಾಸ್ತರ ಇನ್ನೂ ಅದಾನೇನು?’ ಎಂದು ನಕ್ಕಳು. ಆಮೇಲೆ ನಗು ನಿಂತಿತು. ‘ಬರಾಕ ಹೇಳು ಅವ್ನಿಗೆ. ಪಿಚ್ಚರ್ ತರ್ಸು. ಸಂತಿ ಆಟಕ್ಕ ಹಾಕ್ಸು, ಐದನೇ ರೀಲು ಸಹಿತ.’

‘ಬ್ಯಾರೆ ದಿನ ನಾವಷ್ಟೇ ಕೂತು ನೋಡಿದ್ರ ಆಗಂಗಿಲ್ಲೇನ್ರಿ? ಬ್ಯಾಡಂದ್ರ ಹರಪನಹಳ್ಳಿಯವ್ರಿಗೆ ಕಾರ್ಯಕ್ರಮ ಮುಂದ ಹಾಕ್ರಿ ಅಂತ ಬರೀತೀನಿ.’

‘ಯಾಕ ಬರೀತಿ? ನನ್ನ ಮಾರಿ ನನಗ ಗೊತ್ತಿಲ್ಲೇನು? ಬ್ಯಾರೆ ದಿನ ನೀವು ನಾಲ್ಕು ಮಂದಿ ನೋಡಿದ್ರ ಯಾರು ನೋಡಿದಂಗಾತು? ನಮ್ಮ ಹೆಣ್ಮಕ್ಳು ಬರೋದು ಸಂತಿ ದಿನ.’

ಯಾವ ಪಾತ್ರ ಎಂದು ಆಗಲೂ ನಾನು ಕೇಳಲಿಲ್ಲ. ಕಲಿತವನು ಕೇಳಬೇಕಾದ ಮೊದಲ ಪ್ರಶ್ನೆ ಅದು.

ಟಾಕೀಸಿನ ಮಾಲೀಕರು ಒಪ್ಪಿ ವಿತರಕರ ಗೋದಾಮಿಗೆ ಬರೆದರು. ಮೂರು ವಾರಕ್ಕೆ ತಗಡಿನ ಡಬ್ಬಿಗಳು ಬಸ್ಸಿನ ಟಾಪಿನ ಮೇಲೆ ಬಂದಿಳಿದವು. ಹರಪನಹಳ್ಳಿಯಿಂದ ಮಾಸ್ತರೂ ಬಂದರು. ಬಿಳಿ ಟೋಪಿ, ಕೈಯಲ್ಲಿ ಕೊಡೆ, ನ್ಯಾಯಕ್ಕೆ ಬಂದವರ ಮುಖ. ನಾನು ಬಸ್ ನಿಲ್ದಾಣಕ್ಕೆ ಹೋಗಿ ಉಜ್ಜಿನಿ ಬಸ್ಸಿನ ಕಂಡಕ್ಟರನನ್ನು ಹತ್ತು ನಿಮಿಷ ತಡೆಯಲು ಕೇಳಿಕೊಂಡೆ. ‘ಖಾಲಿ ಬಸ್ ಒಯ್ದು ಏನ್ಮಾಡ್ಲಿ ಸರ? ಕುಂದ್ರೋ ಮಂದಿನೆಲ್ಲ ನೀವು ಟಾಕೀಸಿನ್ಯಾಗ ಕುಂದ್ರಿಸೀರಿ’ ಎಂದ. ಒಪ್ಪಿಗೆ ಎಂದೇ ತಿಳಿದೆ.

ಆಟ ಶುರುವಾಯಿತು. ನಾಲ್ಕನೇ ರೀಲಿನ ಕೊನೆಗೆ ಉದ್ಯಾನದಲ್ಲಿ ಸಖಿಯರು ಬಂದರು. ಚಾಮರ ಹಿಡಿದವಳು ಅಲ್ಲಿದ್ದಳು, ನತ್ತು ಇತ್ತು, ಬಾಗಿದ ಕತ್ತೂ ಇತ್ತು. ಅವಳು ಗೇಟಿನವ್ವ ಅಲ್ಲವೇ ಅಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಮಾಸ್ತರು ನನ್ನ ಕಡೆ ತಿರುಗಿ, ‘ಅದಾ ನೋಡ್ರಿ, ನಮ್ ನಾದಿನಿ’ ಎಂದು ಮೆಲ್ಲಗೆ ಹೇಳಿ ಕಣ್ಣು ಒರೆಸಿಕೊಂಡರು. ನನಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ದೀಪ ಹತ್ತಿತು, ಆಪರೇಟರ್ ರೀಲು ಬದಲಿಸಿದ, ದೀಪ ಆರಿತು. ಐದನೇ ರೀಲು.

ವೈರಿ ರಾಜನ ದರ್ಬಾರು. ಸಿಂಹಾಸನದ ಮೇಲೆ ರಾಜ, ಎರಡೂ ಬದಿಗೆ ಸಾಮಂತರು, ಸೇನಾಪತಿ, ಈಟಿ ಹಿಡಿದ ಕಾವಲಿನವರು. ಹೆಂಗಸೇ ಇಲ್ಲದ ದರ್ಬಾರು. ನಾನು ಕಂಬದ ಸಂದಿ, ಪರದೆಯ ಅಂಚು ಎಲ್ಲ ಹುಡುಕಿದೆ. ಒಬ್ಬ ದಾಸಿಯಾದರೂ ಹಾದುಹೋಗಬಾರದೇ ಎಂದು ಕಾದೆ. ಯಾರೂ ಹಾಯಲಿಲ್ಲ. ಹರಪನಹಳ್ಳಿಗೆ ತಂತಿ ಕೊಟ್ಟು ಕಾರ್ಯಕ್ರಮ ನಿಲ್ಲಿಸಬೇಕು, ಇಳಕಲ್ ಸೀರೆ ಪೆಟ್ಟಿಗೆಗೆ ವಾಪಸ್ಸು ಹೋಗಬೇಕು, ಇದೆಲ್ಲ ನನ್ನ ಒಂದು ವಾಕ್ಯದಿಂದ ಎಂದು ಕತ್ತಲಲ್ಲೇ ಲೆಕ್ಕ ಹಾಕಿದೆ.

ಅಷ್ಟರಲ್ಲಿ ಕೆನ್ನೆಯವರೆಗೂ ಹಬ್ಬಿದ ಗಲ್ಲಿಮೀಸೆಯ ಮಂತ್ರಿ ಎರಡು ಹೆಜ್ಜೆ ಮುಂದೆ ಬಂದು, ಶಲ್ಯ ಸರಿಪಡಿಸಿಕೊಂಡು, ಬಾಯಿ ತೆರೆದ. ‘ಸಾವಧಾನ, ಪ್ರಭೂ! ಒಬ್ಬೊಬ್ಬರಾಗಿ ಮಾತಾಡಲಿ!’

ಹೆಂಗಸರ ಪಾಲಿನಲ್ಲಿ ಯಾರೋ ಕಿರುಚಿದರು: ‘ಏಯ್, ನಮ್ಮ ಗೇಟಿನವ್ವ ಅಲ್ಲೇನಬೇ ಆಕಿ!’

‘ಹೌದಬೇ, ಆಕಿನಾ! ಮೀಸಿ ನೋಡು ಮೀಸಿ!’

‘ಈಗ ರಾಜಂಗೆ ಟಿಕೆಟ್ ತೋರ್ಸು ಅಂತಾಳ ನೋಡ್ರಿ!’

ತಗಡು ಹಾರಿಹೋಗುವ ಹಾಗೆ ನಗು. ಮಂತ್ರಿ ಒಂದೊಂದು ಮಾತಾಡಿದಾಗಲೂ ಹೆಂಗಸರು ಕೂಗಿ ಉತ್ತರ ಕೊಟ್ಟರು. ಆ ದನಿ ಅವರಿಗೆ ಪ್ರತಿ ಸಂತೆಗೂ ಬೈಯುವ ದನಿ, ತಪ್ಪುವುದಾದರೂ ಹೇಗೆ? ಉಜ್ಜಿನಿ ಬಸ್ಸಿನ ಹಾರ್ನ್ ಕೇಳಿಸಿತು ಎಂದು ನನ್ನ ನೆನಪು. ಆದರೆ ಅದು ಆಟ ಮುಗಿಯುವಾಗಿನ ಮಾತಿರಬೇಕು, ಐದನೇ ರೀಲಿಗೇ ಬಸ್ಸು ಯಾಕೆ ಕೂಗುತ್ತದೆ?

ಮಾಸ್ತರು ತೊಡೆ ತಟ್ಟಿಕೊಂಡರು. ‘ಅಯ್ಯೋ, ಮಂತ್ರಿ ಪಾಲ್ಟು ಈಕೇದಾ! ದರ್ಬಾರಿಗೆ ಹಾಡಿಲ್ಲ, ಪೇಟಿ ಬೇಡ ಅಂತ ಅವತ್ತು ನನ್ನ ಸಮುದ್ರ ನೋಡಾಕೆ ಕಳ್ಸಿದ್ರು ಕಣ್ರಿ! ಪಿಚ್ಚರ್ ನಾನೂ ಇವತ್ತೇ ನೋಡ್ತಿರೋದು!’

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಆಪರೇಟರ್ ಆ ರೀಲು ಬಿಟ್ಟಿದ್ದೂ, ಮಾಸ್ತರು ಅದನ್ನು ನೋಡದೆ ಹೋದದ್ದೂ ಒಂದೇ ಕಾರಣಕ್ಕೆ. ನಾನು ಆಕೆಯನ್ನು ತಪ್ಪು ಜಾಗದಲ್ಲಿ ಹುಡುಕಿದ್ದು ಮಾತ್ರ ನನ್ನದೇ ಕಾರಣಕ್ಕೆ. ಹೆಂಗಸು ಎಂದಮೇಲೆ ಸಖಿಯೇ ಆಗಿರಬೇಕು ಎಂದು ತೀರ್ಮಾನ ಮಾಡಿದ್ದೆ. ಹೆಂಗಸರೇ ಗಂಡು ಪಾತ್ರ ಕಟ್ಟುವ ಕಂಪನಿಗಳಿದ್ದವು ಎಂದು ಪರೀಕ್ಷೆಯಲ್ಲಿ ಬರೆದವನು ನಾನೇ.

ಹೊರಗೆ ಬಂದಾಗ ಕೇಳಿದೆ. ‘ನಾನು ಲೇಖನ ಓದಿ ಹೇಳ್ದಾಗ ಯಾಕ ಸುಮ್ನಿದ್ರಿ ಅವ್ವಾ?’

‘ಕಲಿತಾಂವ, ಕಣ್ಣಾರೆ ನೋಡೀನಿ ಅಂತ ಬರ್ದಿದ್ದಿ. ಮಂದಿ ಕಡಿಮಿ ಬಿದ್ದಾಗ ಒಡತಿ ನನ್ನೂ ಎಲ್ಲೋ ಚಾಮರ ಕೊಟ್ಟು ನಿಲ್ಲಿಸಿರಬೇಕು, ನಾನೇ ಮರ್ತಿರಬೇಕು ಅನ್ಕಂಡೆ’ ಎಂದಳು.

ಹರಪನಹಳ್ಳಿಯ ಸಭೆಯಲ್ಲಿ ಮಾಸ್ತರು ಹೇಳಿದ ಹಾಗೇ ಎದ್ದು ನಿಂತರು. ‘ನಿಂತು ಹೇಳ್ತೀನಿ ಅಂತ ಬರ್ದಿದ್ದೆ, ನಿಂತಿದೀನಿ. ಈಯಮ್ಮ ಸಖಿ ಅಲ್ಲ, ಮಂತ್ರಿ. ಸುಳ್ಳು ಹೇಳಿದ್ದು ಈಯಮ್ಮ ಅಲ್ಲ, ಈ ಕಾಲೇಜು ಮೇಷ್ಟ್ರು.’ ಸಭೆ ನಕ್ಕಿತು. ಸೊಸೆ ಮುಂದಿನ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನೂ ನಕ್ಕೆ. ತಪ್ಪು ನನ್ನ ತಲೆಗೇ ಬಂದು ಕೂತದ್ದು ಅಷ್ಟು ಹಗುರ ಅನ್ನಿಸಬಹುದೆಂದು ನನಗೆ ಗೊತ್ತಿರಲಿಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ಶಾಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಆಕೆ ಹೇಳಿದಳು. ‘ನಂದು ಸಾಕು. ನಮ್ಮ ಒಡತಿ ಬಗ್ಗೆ ಬರಿ.’

ಈ ಸಲ ಜೇಬಿನಿಂದ ಟಿಪ್ಪಣಿ ಪುಸ್ತಕ ತೆಗೆದು ಮೊದಲು ಕೇಳಿದೆ. ‘ಆ ಪಿಚ್ಚರ್‌ನಾಗ ಅವ್ರು ಯಾವ ಪಾತ್ರ ಮಾಡಿದ್ರು?’

ಆಕೆ ನನ್ನನ್ನೇ ದಿಟ್ಟಿಸಿದಳು. ‘ಸಿಂಹಾಸನದ ಮ್ಯಾಲೆ ಯಾರು ಕುಂತಿದ್ರು ಅನ್ಕಂಡಿ? ಆ ಇಡೀ ದರ್ಬಾರ್‌ನಾಗ ಒಬ್ಬ ಗಂಡಸೂ ಇದ್ದಿಲ್ಲಪ್ಪ. ರಾಜನ ಪಾಲ್ಟು ಆಕಿದು. ಅಲ್ಲೇ ಕುಂತು ನಮಗೆಲ್ಲ ಹೇಳಿ ಮಾಡ್ಸಿದ್ಲು. ಆಕಿ ಬೆರಳು ನೋಡ್ಲಿಲ್ಲೇನು? ಸಿಂಹಾಸನದ ಕೈ ಮ್ಯಾಲೆ ಒಂದು ಸಲ ಬಡಿದ್ರ ನಾನು ಮುಂದ ಬರಬೇಕು, ಎರಡು ಸಲ ಬಡಿದ್ರ ಸೇನಾಪತಿ ತಿರುಗಬೇಕು. ಮಾತು ತಪ್ಪಿದ್ರ ಆ ಬೆರಳಿನ್ಯಾಗ ಬೈತಿದ್ಲು.’

ನಾನು ನೋಡಿರಲಿಲ್ಲ. ನಾನು ಹೆಂಗಸರನ್ನು ಹುಡುಕುತ್ತಿದ್ದೆ. ಡಬ್ಬಿಗಳು ಆಗಲೇ ಗೋದಾಮಿಗೆ ಹೋಗಿಯಾಗಿತ್ತು, ಆ ಚಿತ್ರ ಮತ್ತೆ ನಮ್ಮ ಕಡೆ ಬರಲೂ ಇಲ್ಲ.

ಈಗ ಆ ಬೆರಳುಗಳು ನನಗೆ ಸ್ಪಷ್ಟವಾಗಿ ಕಾಣುತ್ತವೆ, ಉಂಗುರದ ಸಮೇತ. ಒಡತಿಯ ಬಗ್ಗೆ ಬರೆದ ಲೇಖನದಲ್ಲಿ, ‘ಹೀಗೆಂದು ಮಂತ್ರಿಯ ಪಾತ್ರ ಮಾಡಿದ ಕಲಾವಿದೆ ಹೇಳುತ್ತಾರೆ’ ಎಂದಷ್ಟೇ ಬರೆದೆ. ಉಂಗುರದ ಮಾತು ಬರೆಯಲಿಲ್ಲ.