ದುರ್ಗಕ್ಕನ ಹೆಪ್ಪು

ಹೊಸಪೇಟೆಯ ನಮ್ಮ ಕಾಲೇಜಿನ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕೆಲಸ ಗೊತ್ತಿದ್ದದ್ದು ಒಬ್ಬರಿಗೆ, ಸಂಬಳ ಹೆಚ್ಚಿದ್ದದ್ದು ಇನ್ನೊಬ್ಬರಿಗೆ. ಮೊದಲನೆಯವರು ಅಟೆಂಡರ್ ದುರ್ಗಕ್ಕ. ಎರಡನೆಯವನು ನಾನು, ಡಾಕ್ಟರ್ ಅಚ್ಯುತ. ನಮ್ಮ ಓಣಿಯಲ್ಲಿ ಈಗಲೂ ಕೆಲವರು ನನ್ನ ಹತ್ತಿರ ಜ್ವರಕ್ಕೆ ಮಾತ್ರೆ ಕೇಳುತ್ತಾರೆ.

ದುರ್ಗಕ್ಕ ಮಲಪನಗುಡಿಯವರು. ಏಳನೇ ಇಯತ್ತೆ ಓದಿ, ಗಾಜಿನ ಸಾಮಾನು ತೊಳೆಯಲು ಕೆಲಸಕ್ಕೆ ಸೇರಿದವರು. ಇಪ್ಪತ್ತೆಂಟು ವರ್ಷದಲ್ಲಿ ಅವರ ಕೈಯಿಂದ ಒಡೆದದ್ದು ಎರಡೇ ಬೀಕರು. ನನ್ನ ಲೆಕ್ಕ ಕೇಳಬೇಡಿ.

ನಾಲ್ಕು ವರ್ಷದ ಹಿಂದೆ ಹಂಪಿಯಲ್ಲಿ ವಿದೇಶಿಯರು ಕೂರುವ ಒಂದು ಹೋಟೆಲಿನಿಂದ ನಾನು ಕೊಂಬುಚದ ಹೆಪ್ಪು ತಂದೆ. ಸಿಹಿ ಚಹದಲ್ಲಿ ಹಾಕಿಟ್ಟರೆ ಚಹ ಹುಳಿಯಾಗುತ್ತದೆ, ಮೇಲೆ ದಪ್ಪನೆಯ ಪೊರೆ ಕಟ್ಟುತ್ತದೆ. ಬ್ಯಾಕ್ಟೀರಿಯಾ ಮತ್ತು ಯೀಸ್ಟುಗಳ ಕೂಡುಕುಟುಂಬ ಅದು. ಬಾಟಲಿ ನೋಡಿದ ದುರ್ಗಕ್ಕ, "ಅಯ್ಯ, ಎಮ್ಮಿ ಈದಾಗ ಬೀಳೋ ಮಾಸು ಇದ್ದಂಗ ಐತಲ್ರಿ ಸರ್! ಇದನ್ನ ರೊಕ್ಕ ಕೊಟ್ಟು ಕುಡೀತಾರ?" ಎಂದರು.

ನನ್ನ ಯೋಚನೆ ಕುಡಿಯುವುದಲ್ಲ. ಸಂಡೂರಿನ ಹಳೆ ಗಣಿಗುಂಡಿಗಳಲ್ಲಿ ನಿಂತ ನೀರಿನ ಮ್ಯಾಂಗನೀಸನ್ನು ಈ ಪೊರೆ ಹೀರಿಕೊಳ್ಳುತ್ತದೆಯೇ ಎಂದು ನೋಡಬೇಕಿತ್ತು. ಚಹಕ್ಕೆ ಆ ನೀರು ಬೆರೆಸಿದ ಮೊದಲ ವಾರವೇ ಹೆಪ್ಪು ಸತ್ತಿತು. ಇನ್ನೊಂದು ತಂದೆ, ಅದೂ ಸತ್ತಿತು. ಮೂರನೆಯದನ್ನು ದುರ್ಗಕ್ಕ ನನ್ನ ಕೈಯಿಂದ ಕಸಿದುಕೊಂಡರು. "ಕೂಸಿಗೆ ಮೊದಲನೇ ದಿನನ ರೊಟ್ಟಿ ತಿನ್ನಸ್ತಾರೇನ್ರಿ?"

ಆಮೇಲೆ ಅವರು ಮಾಡಿದ್ದು ಇಷ್ಟು: ಮೊದಲು ಒಂದು ಚಮಚ ಗಣಿ ನೀರು, ಹತ್ತು ದಿನ ಬಿಟ್ಟು ಎರಡು. ಪ್ರತಿಸಲ ಬಟ್ಟೆ ಸರಿಸಿ ಮೂಸಿ ನೋಡುವುದು. "ಈ ವಾರ ಮುನಿಸಿಕೊಂಡೈತ್ರಿ, ಬರೇ ಚಾ ಕೊಡೋಣ." ನಾನು ಉಷ್ಣತೆ ಬರೆದುಕೊಳ್ಳುತ್ತಿದ್ದೆ. ನಾಲ್ಕನೇ ವರ್ಷಕ್ಕೆ ಆ ಪೊರೆ ಅರ್ಧಕ್ಕರ್ಧ ಗಣಿ ನೀರಿನಲ್ಲಿ ಬೆಳೆಯಿತು, ಮ್ಯಾಂಗನೀಸನ್ನೂ ಹೀರಿತು. ಜೀವಂತ ಹೆಪ್ಪುಗಳನ್ನು ಕಾಪಿಡುವ ಒಂದು ವಿಶ್ವವಿದ್ಯಾಲಯದವರು ನಮಗೂ ಒಂದು ತುಣುಕು ಕೊಡಿ ಎಂದರು. ತುಣುಕು ಕೈ ಸೇರಿದ ಮೇಲೆ ಅವರ ಪಟ್ಟಿಗೆ ಏರಿಸಲು ಅದಕ್ಕೊಂದು ಹೆಸರು ಬೇಕಿತ್ತು. ಜೀವನದಲ್ಲಿ ನಾನು ಮಾಡಿದ ಒಂದೇ ನ್ಯಾಯದ ಕೆಲಸವೆಂದರೆ ಆ ಅರ್ಜಿಯಲ್ಲಿ 'ದುರ್ಗಕ್ಕ-೧' ಎಂದು ಬರೆದದ್ದು.

"ನನ್ನ ಹೆಸರಾ? ರೇಷನ್ ಕಾರ್ಡಿನ್ಯಾಗ ಬಿಟ್ರ ಇನ್ನೆಲ್ಲೂ ಬಂದಿಲ್ರಿ ಅದು," ಎಂದರು ದುರ್ಗಕ್ಕ. ಮೇ ಕೊನೆಗೆ ಅವರ ನಿವೃತ್ತಿ. ಅಷ್ಟರಲ್ಲಿ ಹೆಸರು ಪಟ್ಟಿಗೆ ಸೇರಬೇಕು ಎನ್ನುವುದೊಂದೇ ಅವರ ಆಸೆ. ಮಲಪನಗುಡಿಗೆಲ್ಲ ಹೇಳಿಯೂ ಬಿಟ್ಟರು.

ಬೇಸಿಗೆ ರಜೆ. ಪ್ರಯೋಗಾಲಯ ಕಾದ ಹಂಚಾಗಿತ್ತು. ಮೂರು ಬಾಟಲಿಗಳನ್ನೂ ನನ್ನ ಮನೆಗೆ ತಂದು, ಕೂಲರ್ ಇದ್ದ ಕೋಣೆಯ ಹಲಗೆಯ ಮೇಲಿಟ್ಟೆವು. ಹೆಪ್ಪನ್ನೆಲ್ಲ ಒಂದೇ ಕಡೆ ಇಡಬಾರದು ಎಂದು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಪಾಠ ಹುಡುಗರಿಗೆ.

ತುಣುಕು ಒಯ್ಯಲು ವಿಶ್ವವಿದ್ಯಾಲಯದಿಂದ ಸ್ಪಂದನಾ ಎಂಬ ಸಂಶೋಧನಾ ವಿದ್ಯಾರ್ಥಿನಿ ಬಂದಳು. ಮಧ್ಯಾಹ್ನ ಬರಬೇಕಾದವಳು, ತೋರಣಗಲ್ಲಿನಲ್ಲಿ ಅದಿರು ಲಾರಿಗಳ ಸಾಲಿಗೆ ಸಿಕ್ಕಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲಿಗೆ ಬಂದಳು. ಅಂದು ಶುಕ್ರವಾರ.

ದುರ್ಗಕ್ಕ ಕುದಿಸಿದ ಕತ್ತರಿ, ತೊಳೆದ ಸೀಸೆ ಹಿಡಿದು ಮಧ್ಯಾಹ್ನದಿಂದ ಕಾದಿದ್ದರು. ನಾನು ಗಂಟಲು ಸರಿಮಾಡಿಕೊಂಡು, "ಸೋಮವಾರ ಒಯ್ಲಿ ಬಿಡ್ರಿ ದುರ್ಗಕ್ಕ," ಎಂದೆ.

"ಯಾಕ್ರಿ?"

"ಶುಕ್ರವಾರ, ದೀಪ ಹಚ್ಚೋ ಹೊತ್ತು. ಹೆಪ್ಪು ಮನಿಯಿಂದ ಹೊರಗ ಕೊಡಬಾರದು. ನಾಳೆ ನಾ ಊರಾಗ ಇರಂಗಿಲ್ಲ."

"ಇದು ಮಸರಲ್ರಿ ಸರ್!"

"ಹೆಪ್ಪು ಹೆಪ್ಪೇ ಅಲ್ರೀ."

"ಲಕ್ಷ್ಮಿ ಹೋಗಿ ಹೋಗಿ ಈ ಹುಳಿ ನೀರಿನ್ಯಾಗ ಕುಂತಾಳೇನ್ರಿ? ನಮ್ಮನ್ಯಾಗೂ ಈ ಶಾಸ್ತ್ರ ಪಾಲಿಸ್ತೀವಿ, ಆದ್ರ ಇದು ಲ್ಯಾಬಿಂದು."

ಸ್ಪಂದನಾ ನಕ್ಕು, "ನಮ್ಮಜ್ಜಿನೂ ಹಿಂಗ ರೀ ಸರ್. ಸೋಮವಾರ ಬರ್ತೀನಿ," ಎಂದು ಹೊರಟಳು. ತಪ್ಪನ್ನು ತಾಯಿಯ ಮೇಲೆ ಹಾಕೋಣವೆಂದರೆ ನನ್ನ ತಾಯಿ ಗಂಗಾಬಾಯಿ ಅಂದು ಊರಿನಲ್ಲೇ ಇರಲಿಲ್ಲ. ಆಮೇಲೆ ತಿಳಿದ ಮೇಲೆ ಅವರೂ, "ಹಂಗೇನರ ಇದ್ರ ಬೆಳಿಗ್ಗೇನ ಕತ್ತರಿಸಿ ಹೊರಗ ಕಟ್ಟಿ ಮ್ಯಾಲ ಇಡಬೇಕಿತ್ತಪ್ಪ," ಎಂದರು. ಶಾಸ್ತ್ರವನ್ನೂ ನಾನು ಪೂರ್ತಿ ಓದಿರಲಿಲ್ಲ.

ಶನಿವಾರ ನಾನು ಕಂಪ್ಲಿಗೆ ಮದುವೆಗೆ ಹೋದೆ. ಕಿಟಕಿಯ ಚಿಲಕ ಹಾಕಿದ ನೆನಪು ನನಗಿಲ್ಲ. ಸಂಜೆ ಮುಂಗಾರು ಮುಂಚಿನ ಬಿರುಗಾಳಿ ಎದ್ದಿತು. ಭಾನುವಾರ ಬಂದು ನೋಡಿದರೆ ಕಿಟಕಿ ಹಾರು ಹೊಡೆದಿತ್ತು, ಹಲಗೆ ನೆಲದ ಮೇಲಿತ್ತು. ಮೂರು ಬಾಟಲಿಗಳ ಗಾಜಿನ ನಡುವೆ ಪೊರೆಗಳು ಹಪ್ಪಳದಂತೆ ಒಣಗಿ, ಕೆಂಪು ಧೂಳು ಮೆತ್ತಿಕೊಂಡು ಬಿದ್ದಿದ್ದವು. ಇರುವೆಗಳು ಸಾಲು ಹಿಡಿದಿದ್ದವು.

ಫೋನ್ ಮಾಡಿದೆ. ದುರ್ಗಕ್ಕ ಆಟೋ ಹಿಡಿದು ಬಂದರು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ನಾನು ಅಂದೇ ಮರೆತುಬಿಡುತ್ತಿದ್ದೆನೇನೋ. ನೆಲಕ್ಕೆ ಕೂತು ಗಾಜು ಆರಿಸಿ, ಪೊರೆಯ ಒಳಪದರ ಹುಡುಕಿ ಕತ್ತರಿಸಿ, ಹನ್ನೆರಡು ಬಟ್ಟಲು ಚಹದಲ್ಲಿ ಬಿಟ್ಟರು. ದಿನಾ ಬಂದು ಮೂಸಿದರು. ಆರನೇ ದಿನ ಏಳು ಬಟ್ಟಲಿನಲ್ಲಿ ಕರಿ ಬೂಷ್ಟು. ಒಂಬತ್ತನೇ ದಿನ ಉಳಿದ ಐದರಲ್ಲೂ. ಅವನ್ನು ಕುದಿಸಿ ಚೆಲ್ಲಿದವರೂ ಅವರೇ. ನಿವೃತ್ತಿಯ ದಿನ ಶಾಲು ಹೊದಿಸಿ ನಾನು ಭಾಷಣ ಮಾಡಿದೆ. ಹೆಪ್ಪಿನ ವಿಷಯ ಎತ್ತಲಿಲ್ಲ.

ಈಗ ಹೊಸ ಹೆಪ್ಪು ತಂದಿದ್ದೇನೆ. ಮೂರು ಚಮಚದ ಮೇಲೆ ಗಣಿ ನೀರು ಹಾಕಿದರೆ ಸಾಯುತ್ತದೆ. ಮುನಿಸಿಕೊಂಡ ಹೆಪ್ಪಿನ ವಾಸನೆ ಹೇಗಿರುತ್ತದೆಂದು ನಾಲ್ಕು ವರ್ಷದಲ್ಲಿ ಒಂದು ಸಲವೂ ಕೇಳಿ ಬರೆದುಕೊಳ್ಳಲಿಲ್ಲ. ಅದನ್ನೇ ಕೇಳಲು ಹೋದ ವಾರ ಮಲಪನಗುಡಿಗೆ ಹೋದೆ. "ಹೇಳಾಕ ಬರಂಗಿಲ್ರಿ ಸರ್, ಮೂಗಿಗೆ ಗೊತ್ತಾಗ್ತೈತಿ," ಎಂದು ದುರ್ಗಕ್ಕ ಮಜ್ಜಿಗೆ ಕೊಟ್ಟರು.

ಪಿಯುಸಿ ಓದುವ ಅವರ ಮೊಮ್ಮಗಳು ಗಾಯತ್ರಿ ಮೊಬೈಲ್ ಹಿಡಿದು ಬಂದಳು. "ಸರ್ರ, ಆ ಲಿಸ್ಟೆಲ್ಲ ಹುಡುಕೀನ್ರಿ. ನಮ್ಮಜ್ಜಿ ಹೆಸರು ಎಲ್ಲೂ ಇಲ್ಲಲ್ರಿ?"

ನಾನು ಲೋಟ ಕೆಳಗಿಟ್ಟೆ. ಬಾಯಿ ತೆರೆಯುವಷ್ಟರಲ್ಲಿ ದುರ್ಗಕ್ಕ ಹೇಳಿದರು. "ಬಾಟ್ಲಿ ಒಡದು ಹೋದ್ವು ಅಂತ ಹೇಳಿಲ್ಲೇನ ನಿನಗ? ಯಾರದೇನೂ ತಪ್ಪಿಲ್ಲಲೇ. ಅವತ್ತು ಗಾಳಿ ಭಾಳ ಇತ್ತು."

ಹುಡುಗಿ ನನ್ನ ಮುಖ ನೋಡಿದಳು.

"ಹೌದವ್ವ," ಎಂದೆ, "ಭಾಳ ಗಾಳಿ ಇತ್ತು."